ತುಂಗೆ ದಡದಲ್ಲಿ ಕೂತು ಪದ್ಯ ಬರೆಯೋ ಕೆಲಸ

ತುಂಗೆ ಮೇಲೆ ಒಂದು ಪದ್ಯಗುಚ್ಛ ಬರೀಬೇಕು ಅಂತ ತಲೆಗೆ ಹೊಕ್ಕಿದ್ದೇ ತಡ, ಮೊದ್ಲು ಮಾಡಿದ ಕೆಲಸ ಪುಸ್ತಕದ ಕಪಾಟು ತೆಗೆದಿದ್ದು. ನಮ್ಮ ಕವಿಗಳು ಹೊಳೆನ ಎಲ್ಲಿಟ್ಕೊಂಡಿದ್ರು ಅಂತ ನೋಡ್ಬೇಕಿತ್ತು. ಸುಮ್ನೆ ಪುಟ ತಿರುವ್ತಾ ಹೋದ್ರೆ ಸಾವಿರ ನದಿ ಸಿಗ್ತವೆ, ನದಿ ಅಂದ್ರೆ ಬದುಕು, ದಡ ಅಂದ್ರೆ ಬಂಧನ, ಕಡಲು ಅಂದ್ರೆ ಮುಕ್ತಿ, ಆ ನದಿಗೆ ಊರಿಲ್ಲ ಹೆಸರಿಲ್ಲ, ಅದ್ರಲ್ಲಿ ಯಾರೂ ಬಟ್ಟೆ ಒಗೆಯಲ್ಲ, ಯಾರೂ ಮುಳುಗೋದೂ ಇಲ್ಲ. ಅಂಥವನ್ನೆಲ್ಲ ಪಕ್ಕಕ್ಕಿಟ್ಟೆ. ಉಳಿದಿದ್ದು ಸ್ವಲ್ಪವೇ, ಆದ್ರೆ ಉಳಿದಿದ್ದರಲ್ಲೆಲ್ಲ ಹೊಳೆಗೊಂದು ವಿಳಾಸ ಇತ್ತು.

ಬಸವಣ್ಣನವರದ್ದೇ ತಗೊಳ್ಳಿ. ಕೃಷ್ಣೆ ಮಲಪ್ರಭೆ ಸೇರೋ ಜಾಗ ಕೂಡಲಸಂಗಮ, ಅಲ್ಲಿನ ದೇವರ ಹೆಸರೇ ಅವ್ರ ಅಂಕಿತ. ಹೊಳೆ ವರ್ಣನೆ ಮಾಡ್ತಾ ಕೂರಲ್ಲ ಅವ್ರು, ಸಿಟ್ಟಿನ ವಚನ ಇರ್ಲಿ, ತಮ್ಮನ್ನೇ ತಾವು ಬೈಕೊಳ್ಳೋ ವಚನ ಇರ್ಲಿ, ಮಾತು ಎಲ್ಲಿಗೇ ಹೋದ್ರೂ ಕೊನೆಗೆ ಬಂದು ನಿಲ್ಲೋದು ಎರಡು ಹೊಳೆ ಕೂಡೋ ಜಾಗದಲ್ಲಿ. ಕಲ್ಯಾಣಕ್ಕೆ ಹೋಗಿ ಅಷ್ಟೆಲ್ಲ ಕಂಡ ಮೇಲೂ ಆ ಅಂಕಿತ ಬದಲಾಗ್ಲಿಲ್ಲ. ನಂಗೆ ಇದು ತುಂಬಾ ದೊಡ್ಡ ವಿಷಯ ಅನ್ಸುತ್ತೆ, ಚಿಕ್ಕೋರಿದ್ದಾಗ ಕಲಿತ ಜಾಗವನ್ನ ಪ್ರತಿ ಸಲ ಬಾಯಿಬಿಟ್ಟಾಗ್ಲೂ ಮುಟ್ಟಿ ಬರೋದು.

ಕುವೆಂಪು ಅವರದ್ದು ಇನ್ನೂ ಖಚಿತ. ‘ದೇವರು ರುಜು ಮಾಡಿದನು’ ಪದ್ಯ ಶಾಲೆಲಿ ಓದಿದ್ದೇ ಎಲ್ರೂ, ಬೆಳ್ಳಕ್ಕಿ ಸಾಲು ಆಕಾಶದಲ್ಲಿ ಹಾರಿಹೋಗೋದನ್ನ ದೇವರ ಸಹಿ ಅಂತ ನೋಡೋ ಪದ್ಯ. ಅದು ಎಲ್ಲೋ ಒಂದು ನದಿ ಅಲ್ಲ, ಸಿಬ್ಬಲುಗುಡ್ಡೆ ಹತ್ರದ ತುಂಗೆ ಅಂತ ಪದ್ಯದೊಳಗೇ ಇದೆ. ಶಾಲೆಲಿ ಓದ್ದಾಗ ಆ ಹೆಸರು ನಂಗೆ ಬರೀ ಪ್ರಾಸಕ್ಕೆ ಬಂದಿರೋ ಹಂಗಿತ್ತು. ತೀರ್ಥಹಳ್ಳಿ ಕಡೆಯವರು ಛಿಬ್ಬಲಗುಡ್ಡೆ ಅಂತಾರೆ, ಗಣಪತಿ ದೇವಸ್ಥಾನ ಇದೆ, ಅದರ ಕೆಳಗಿನ ಮಡುವಲ್ಲಿ ದೊಡ್ಡ ದೊಡ್ಡ ಮೀನು, ಅಲ್ಲಿ ಮೀನು ಹಿಡಿಯೋ ಹಾಗಿಲ್ಲ. ಹೋಗಿ ನೋಡಿದೆ. ಬಂಡೆ ಮಧ್ಯೆ ನೀರು ತೊದಲೋ ಸದ್ದು, ಎರಡೂ ಕಡೆ ಮರಳು, ಆಚೆ ಕಾಡು, ಪದ್ಯದಲ್ಲಿ ಏನೇನಿದೆಯೋ ಅದೆಲ್ಲ ಅಲ್ಲೇ ಇದೆ, ಅವ್ರು ಸುಳ್ಳು ಸೇರಿಸಿಲ್ಲ. ಅಲ್ಲಿ ನಿಂತು ಪದ್ಯ ಜೋರಾಗಿ ಹೇಳ್ಕೊಂಡೆ (ಸುತ್ತ ಯಾರೂ ಇರ್ಲಿಲ್ಲ). ದೇ-ವ-ರು ನಾಲ್ಕು ಮಾತ್ರೆ, ರು-ಜು-ಮಾ ನಾಲ್ಕು ಮಾತ್ರೆ, ಆಮೇಲೆ ಡಿ-ದ-ನು ಮೂರಕ್ಕೇ ನಿಂತುಬಿಡುತ್ತೆ. ಆ ಒಂದು ಮಾತ್ರೆ ಖಾಲಿ ಬಿಟ್ಟಿದಾರಲ್ಲ, ಅಲ್ಲಿ ಉಸಿರು ಹಿಡಿದು ಮೇಲೆ ನೋಡ್ಬೇಕು ಓದೋನು. ಮನೇಲಿ ಕೂತು ಓದ್ದಾಗ ನಂಗೆ ಇದು ಹೊಳೆದಿರ್ಲಿಲ್ಲ.

ಇಷ್ಟು ಹೇಳಿ ಬೇಂದ್ರೆ ಹೆಸರು ತೆಗೀದೇ ಇದ್ರೆ ಮೋಸ ಆಗುತ್ತೆ. ಧಾರವಾಡದಲ್ಲಿ ಹೇಳ್ಕೊಳ್ಳೋ ಅಂಥ ಹೊಳೆ ಇಲ್ಲ, ಸಾಧನಕೇರಿಲಿ ಕೆರೆ ಇದೆ ಅಷ್ಟೆ. ಆದ್ರೆ ಕನ್ನಡದಲ್ಲಿ ನೀರು ನಿಜವಾಗ್ಲೂ ಮೇಲಿಂದ ಧುಮುಕೋ ಪದ್ಯ ಯಾವುದು ಅಂದ್ರೆ ‘ಗಂಗಾವತರಣ’ವೇ. ವಿಳಾಸ ಬೇಕು ಅನ್ನೋ ನನ್ನ ವಾದ ಅಲ್ಲಿಗೆ ಬಿದ್ದೋಗುತ್ತೆ, ಬೀಳ್ಲಿ. ಹೊಳೆ ಇಲ್ಲದೇ ಇರೋ ಊರಿನ ದಾಹಾನೂ ಒಂದು ವಿಳಾಸಾನೇ ಇರಬಹುದು. ಆದ್ರೆ ಬೇಂದ್ರೆ ಮಾಡಿದ್ದನ್ನ ನಾನು ಮಾಡೋಕೆ ಹೋದ್ರೆ ನಗೆಪಾಟಲು, ನಂಗೆ ಮನೆಯಿಂದ ಅರ್ಧ ದಿನದಲ್ಲಿ ಹೋಗಿ ಬರೋ ಅಷ್ಟು ಹತ್ರ ಹೊಳೆ ಇದೆ, ಹೋಗಿ ಕೂರೋದೇ ಸರಿ.

ಮೊದಲ ಯೋಚನೆ ಗಂಗಾಮೂಲದಿಂದ ಕೂಡ್ಲಿವರೆಗೂ ಹೊಳೆ ಜೊತೆ ಇಳಿಯೋದು. ತುಂಗೆದು ಹೆಚ್ಚುಕಡಿಮೆ 147 ಕಿಲೋಮೀಟರ್ ದಾರಿ, ವರಾಹ ಪರ್ವತದ ಗಂಗಾಮೂಲದಲ್ಲಿ ಹುಟ್ಟಿ ಶೃಂಗೇರಿ, ಹರಿಹರಪುರ, ತೀರ್ಥಹಳ್ಳಿ, ಮಂಡಗದ್ದೆ, ಗಾಜನೂರು, ಶಿವಮೊಗ್ಗ ದಾಟಿ ಕೂಡ್ಲಿಲಿ ಭದ್ರೆ ಸೇರುತ್ತೆ. ಜಾಗ ಜಾಗಕ್ಕೆ ಹೋಗಿದ್ದೂ ಆಯ್ತು, ಚೆನ್ನಾಗೂ ಇತ್ತು, ಆದ್ರೆ ಬರೆದಿದ್ದೆಲ್ಲ ಪ್ರವಾಸದ ಡೈರಿ ತರ ಆಗೋಕೆ ಶುರುವಾಯ್ತು, ಪ್ರತಿ ಊರಿಗೂ ಒಂದು ದೇವಸ್ಥಾನ ಒಂದು ಮೆಟ್ಟಿಲು ಒಂದು ಸೂರ್ಯಾಸ್ತ. ಹಾಗಾಗಿ ಒಂದೇ ಜಾಗ ಆರಿಸ್ಕೊಂಡು ಎಲ್ಲಾ ಕಾಲದಲ್ಲೂ ಅಲ್ಲಿಗೇ ಹೋಗೋದು ಅಂತ ತೀರ್ಮಾನ ಮಾಡ್ದೆ. ತೀರ್ಥಹಳ್ಳಿ ರಾಮತೀರ್ಥದ ಹತ್ರ, ಕಮಾನು ಸೇತುವೆ ಕಾಣೋ ಹಾಗೆ, ರಾಮಮಂಟಪ ಎದುರಿಗೆ.

ನೋಟ್‌ಬುಕ್ಕಿಗೆ ಒಂದು ಕಟ್ಟುಪಾಡು ಹಾಕ್ಕೊಂಡಿದ್ದೆ. ದಡದಲ್ಲಿ ಕೂತಿರೋವಷ್ಟು ಹೊತ್ತು ನಂಗೇನನ್ಸ್ತು ಅಂತ ಬರೆಯೋ ಹಾಗಿಲ್ಲ, ನೀರು ಏನ್ ಮಾಡ್ತು ಅಂತ ಮಾತ್ರ ಬರೀಬೇಕು. ಹೇಳೋಕೆ ಸುಲಭ. ಕೂತ ಹತ್ತು ನಿಮಿಷಕ್ಕೆ ಕ್ರಿಯಾಪದ ಮುಗಿದೋಗುತ್ತೆ, ಹರೀತು, ಹೊರಳ್ತು, ಸುತ್ತಿ ಬಂತು, ಆಮೇಲೆ? ಕೈ ತಂತಾನೇ ‘ಶಾಂತ’ ಅಂತ ಬರೆಯೋಕೆ ಹೋಗುತ್ತೆ. ಅದನ್ನ ತಡೆದು ಮತ್ತೆ ನೋಡ್ದಾಗ ಮಾತ್ರ ಸಿಗೋದು, ಬಂಡೆಯ ಮೇಲ್ಬದಿಲಿ ನೀರು ಉಬ್ಬಿ ನಿಲ್ಲುತ್ತೆ, ಕೆಳಬದಿಲಿ ಒಂದು ತುಂಡು ಹಿಂದಕ್ಕೆ ಹರಿಯುತ್ತೆ, ಅಲ್ಲಿ ಸಿಕ್ಕ ಎಲೆ ಸುತ್ತಿ ಸುತ್ತಿ ಅರ್ಧ ಗಂಟೆ ಆದ್ರೂ ಮುಂದೆ ಹೋಗಲ್ಲ. ಹೊಳೆ ಮುಂದಕ್ಕೇ ಹರಿಯುತ್ತೆ ಅನ್ನೋ ಸಾವಿರ ಪದ್ಯಕ್ಕೆ ಆ ಎಲೆ ಒಂದೇ ಸಾಕು.

ಮೇ ತಿಂಗಳಲ್ಲಿ ಶುರು ಮಾಡಿದ್ದು ಒಳ್ಳೇದೇ ಆಯ್ತು. ಆಗ ತುಂಗೆ ಬಂಡೆ ಬಂಡೆ ಕಾಣುತ್ತೆ, ನೀರು ಮಡುಗಳಲ್ಲಿ ನಿಂತು ಒಂದರಿಂದ ಇನ್ನೊಂದಕ್ಕೆ ಸಣ್ಣಗೆ ಜಾರ್ತಿರುತ್ತೆ. ಹೊಳೆಯ ಹೊಟ್ಟೆ ಒಳಗೇನಿದೆ ಅಂತ ನೋಡೋಕೆ ಅದೊಂದೇ ಕಾಲ. ಮಳೆಗಾಲದಲ್ಲಿ ಯಾವ ಜಾಗದಲ್ಲಿ ಸುಳಿ ಬರುತ್ತೋ ಅದರ ಕೆಳಗೆ ಎಂಥ ಕಲ್ಲಿದೆ ಅಂತ ಮೇ ತಿಂಗಳಲ್ಲೇ ಗೊತ್ತಾಗೋದು. ಬಟ್ಟೆ ಒಗೆಯೋಕೆ ಬಂದಿದ್ದ ಅಜ್ಜಿಯೊಬ್ರು ನನ್ನ ನೋಟ್‌ಬುಕ್ ನೋಡಿ, “ಎಂತ ಬರಿತಿದೀಯ ಮಗಾ, ಹೊಳೆ ಸರ್ವೆನಾ?” ಅಂದ್ರು.

“ಇಲ್ಲ ಅಜ್ಜಿ, ಪದ್ಯ.”

“ಪದ್ಯಕ್ಕೆ ಈಗ ಎಂತಕ್ ಬಂದೆ ಮಾರಾಯ್ತಿ, ಪುನರ್ವಸು ಮಳೆಗೆ ಬಾ. ಈಗ ಇದು ಸತ್ತ್ ಬಿದ್ದಿದೆ.”

ಅವ್ರ ಹತ್ರ ಆಮೇಲೂ ಮಾತಾಡಿದೀನಿ. ಯಾವ ಕಲ್ಲಿನ ಮೇಲೆ ಒಗೆದ್ರೆ ಸೋಪು ಕಮ್ಮಿ ಸಾಕು, ಯಾವ ಕಡೆ ಮಕ್ಕಳನ್ನ ಬಿಡಬಾರ್ದು, ನೀರಿನ ಬಣ್ಣ ನೋಡಿ ಆಗುಂಬೆ ಕಡೆ ಮಳೆಯೋ ಶೃಂಗೇರಿ ಕಡೆಯದೋ ಅಂತ ಹೇಳ್ತೀನಿ ಅಂದ್ರು. ಕೊನೇದು ಎಷ್ಟು ನಿಜವೋ ನಾ ಪರೀಕ್ಷೆ ಮಾಡಿಲ್ಲ, ಆದ್ರೆ ಹೊಳೆನ ಓದೋದು ಅಂದ್ರೆ ಅದು. ನಾನು ಬರೆಯೋಳು, ಅವ್ರು ಓದೋರು, ನಮ್ಮಿಬ್ಬರಲ್ಲಿ ಹೊಳೆ ಯಾರದ್ದು ಅಂತ ಕೇಳಿದ್ರೆ ನಾ ಉತ್ತರ ಹೇಳೋಕೆ ಹೋಗಲ್ಲ.

ಜೂನಲ್ಲಿ ಮೊದಲ ಕೆಂಪು ನೀರು ಬಂತು. ಆಮೇಲೆ ಬೇಗ ಬೇಗ ಆಗೋಗುತ್ತೆ ಎಲ್ಲಾ. ಗಾಜನೂರಿನ ಡ್ಯಾಮ್ ಚಿಕ್ಕದು, ಹಿಡಿಯೋದೇ 3.24 ಟಿಎಂಸಿ, ಮುಂಗಾರು ಚುರುಕಾದ್ರೆ ರಾಜ್ಯದಲ್ಲಿ ಬೇರೆ ಡ್ಯಾಮ್‌ಗಳೆಲ್ಲ ಇನ್ನೂ ಬಾಯಿ ಬಿಟ್ಕೊಂಡು ಕೂತಿರೋವಾಗ್ಲೇ ತುಂಬಿ ಗೇಟ್ ತೆಗೀತಾರೆ. ಶಿವಮೊಗ್ಗದಲ್ಲಿ ಬಿಸಿಲಿದ್ರೂ ಹೊಳೆ ಏರ್ತಾ ಇರುತ್ತೆ, ಮಳೆ ಬಿದ್ದಿರೋದು ಘಟ್ಟದ ತಲೆ ಮೇಲೆ. ನಮ್ಮಲ್ಲಿ ನೀರು ಎಷ್ಟು ಬಂದಿದೆ ಅಂತ ಕ್ಯೂಸೆಕ್ಸ್ ಲೆಕ್ಕ ಯಾರೂ ಕೇಳಲ್ಲ, “ಮಂಟಪ ಮುಳುಗ್ತಾ?” ಅಂತ ಕೇಳ್ತಾರೆ. ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಹತ್ರದ ಮಂಟಪ, ತೀರ್ಥಹಳ್ಳಿಲಿ ರಾಮಮಂಟಪ, ಶೃಂಗೇರಿಲಿ ಕಪ್ಪೆ ಶಂಕರ. ಅತ್ಲಾಗೆ ಹಂಪಿಲಿ ಪುರಂದರ ಮಂಟಪ, ಅದು ತುಂಗಭದ್ರಾ ಡ್ಯಾಮ್ ಗೇಟ್ ತೆಗೆದ್ರೆ ಮುಳುಗುತ್ತೆ, ದಾಸರು ಕೂತು ಹಾಡ್ತಿದ್ರು ಅನ್ನೋ ಜಾಗದಲ್ಲಿ ಕಂಬಗಳ ಮಧ್ಯೆ ನೀರು ನುಗ್ಗುತ್ತೆ. ಹೊಳೆಯೊಳಗೆ ಕಲ್ಲುಮಂಟಪ ಕಟ್ಟಿದೋರಿಗೆ ಇದು ಮುಳುಗುತ್ತೆ ಅಂತ ಗೊತ್ತಿರ್ಲಿಲ್ವಾ, ಗೊತ್ತಿದ್ದೇ ಕಟ್ಟಿದಾರೆ ಅನ್ಸುತ್ತೆ, ವರ್ಷಕ್ಕೊಂದ್ಸಲ ಮುಳುಗಿ ಮತ್ತೆ ಏಳೋ ಅಂಥದ್ದನ್ನ. ಈ ಯೋಚನೆ ಇಂದ ಒಂದು ಪದ್ಯ ಪೂರ್ತಿ ಬಂತು, ಇಡೀ ಗುಚ್ಛದಲ್ಲಿ ಸರಾಗವಾಗಿ ಬಂದಿದ್ದು ಅದೊಂದೇ.

ಜುಲೈ ನೆರೆಲಿ ದಡದಲ್ಲಿ ಕೂರೋ ಮಾತೇ ಇಲ್ಲ, ಪೊಲೀಸ್ನೋರು ಬಿಡಲ್ಲ, ಬಿಡಲೂಬಾರ್ದು. ಸೇತುವೆ ಆಚೆಯಿಂದ ಕೊಡೆ ಹಿಡ್ಕೊಂಡು ನೋಡಿದ್ದು. ಊರಿಗೆ ಊರೇ ಬಂದಿತ್ತು ನೋಡೋಕೆ, ವಿಡಿಯೋ ಮಾಡೋರು, ಮಕ್ಕಳನ್ನ ಹೆಗಲ ಮೇಲೆ ಕೂರಿಸ್ಕೊಂಡೋರು, ಸುಮ್ನೆ ಬಾಗಿನ ತಂದೋರು. ಬಿದಿರು ಮೆಳೆ ಬೇರುಸಮೇತ ಬರ್ತಿತ್ತು, ಮರದ ದಿಮ್ಮಿ, ತೆಂಗಿನಕಾಯಿ, ಯಾರದ್ದೋ ಕೊಟ್ಟಿಗೆಯ ತಟ್ಟಿ. ಸದ್ದು ಕಿವಿಗಿಂತ ಹೆಚ್ಚು ಕಾಲಿಗೆ ಗೊತ್ತಾಗುತ್ತೆ, ಸೇತುವೆ ನೆಲದಿಂದ. ನೋಟ್‌ಬುಕ್ ಒದ್ದೆಯಾಗಿ ಶಾಯಿ ಹರಡಿ ಆ ದಿನದ್ದು ಅರ್ಧ ಓದೋಕೇ ಬರಲ್ಲ, ಓದೋಕೆ ಬರೋದ್ರಲ್ಲಿ ಒಂದು ಸಾಲು: ಕಲ್ಲು ಮುಳುಗಿ ಮೆಟ್ಲು ಮುಳುಗಿ ಮರದ ಬುಡಕೆ ನೀರು.

ಆ ಸಾಲು ತಂತಾನೇ ಮೂರು ಮೂರು ಮಾತ್ರೆಲಿ ಬಂದಿತ್ತು, ಕಲ್ಲು, ಮುಳುಗಿ, ಮೆಟ್ಲು, ಮುಳುಗಿ. ಹಳಗನ್ನಡದವರು ಉತ್ಸಾಹ ರಗಳೆ ಅಂತಾರಲ್ಲ ಅದೇ ಮೂರು ಮಾತ್ರೆಯ ಓಟ. ನಂಗೆ ಛಂದಸ್ಸು ಪರೀಕ್ಷೆಗೆ ಓದಿದ್ದು ಬಿಟ್ರೆ ಮತ್ತೆ ಬೇಕಾಗಿರ್ಲಿಲ್ಲ, ಗದ್ಯದ ಹಾಗೆ ಬರೆದು ಸಾಲು ಮುರಿಯೋ ಪೈಕಿ ನಾನು. ಇಲ್ಲಿ ಮಾತ್ರ ಕೂತು ಲೆಕ್ಕ ಹಾಕಿದೆ. ಮೂರು ಮಾತ್ರೆ ಓಡುತ್ತೆ, ಉಸಿರಾಡೋಕೆ ಬಿಡಲ್ಲ, ನೆರೆಗೆ ಸರಿ. ನಾಲ್ಕು ಮಾತ್ರೆಯ ಮಂದಾನಿಲ ರಗಳೆ ನಡೆಯುತ್ತೆ, ಅಕ್ಟೋಬರ್ ನವೆಂಬರಲ್ಲಿ ನೀರು ತಿಳಿಯಾಗಿ ತುಂಬಿ ಹರಿಯೋವಾಗ ಅದು ಹೊಂದುತ್ತೆ. ಐದರ ಲಲಿತದಲ್ಲಿ ಒಂದು ಬಳುಕು ಇದೆ, ಅದನ್ನ ಸಂಜೆ ಹೊತ್ತಿನ ಪದ್ಯಕ್ಕೆ ಪ್ರಯತ್ನ ಮಾಡಿ ಬಿಟ್ಟೆ, ನನ್ನ ಕೈಲಿ ಅದು ಭಾವಗೀತೆ ಕ್ಯಾಸೆಟ್ ತರ ಕೇಳ್ತಿತ್ತು. ಮೇ ತಿಂಗಳ ಪದ್ಯಕ್ಕೆ ಯಾವ ಲಯವೂ ಕೂರ್ಲಿಲ್ಲ, ಅಲ್ಲಿ ನೀರೇ ಹರೀತಿಲ್ವಲ್ಲ, ಅದನ್ನ ತುಂಡು ತುಂಡು ಗದ್ಯದಲ್ಲೇ ಬಿಟ್ಟಿದೀನಿ, ಸಾಲಿನ ಮಧ್ಯೆ ಜಾಗ ಬಿಟ್ಟು. ಹೊಳೆಯಿಂದ ಕವಿಗೆ ಉಪಮೆ ಸಿಗುತ್ತೆ ಅಂತ ಎಲ್ರೂ ಹೇಳ್ತಾರೆ, ನಂಗೆ ಸಿಕ್ಕಿದ್ದು ಉಪಮೆ ಅಲ್ಲ ನಡಿಗೆ. ಉಪಮೆ ಇಡೀ ಗುಚ್ಛದಲ್ಲಿ ಹುಡುಕಿದ್ರೂ ಹೆಚ್ಚಿಲ್ಲ.

ಒಂದು ವಿಷಯ ನಡುವೆ ತುಂಬಾ ಕಾಡ್ತು. ದಡದಲ್ಲಿ ಕೂತು ನೋಡೋ ನಮಗೆ ಹೊಳೆ ಅಂದ್ರೆ ಚಂದ, ಆದ್ರೆ ಮಲೆನಾಡಿನೋರಿಗೆ ಎಷ್ಟೋ ತಲೆಮಾರು ಅದು ದಾಟಬೇಕಾದ ವಸ್ತು. ಸೇತುವೆ ಇಲ್ಲದ ಕಾಲದಲ್ಲಿ ಮಳೆಗಾಲದ ತುಂಗೆ ದಾಟೋದು ಅಂದ್ರೆ ಜೀವ ಕೈಲಿ ಹಿಡ್ಕೊಂಡು ದೋಣಿ ಹತ್ತೋದು. ‘ಮಲೆಗಳಲ್ಲಿ ಮದುಮಗಳು’ ಓದಿದೋರಿಗೆ ಕೊನೆಯ ಆ ದೋಣಿ ನೆನಪಿರುತ್ತೆ, ಗುತ್ತಿ ತಿಮ್ಮಿ ತುಂಬಿದ ಹೊಳೆ ದಾಟ್ತಾರೆ, ಗುತ್ತಿಯ ನಾಯಿ ಹುಲಿಯ ಈಜ್ತಾ ಹಿಂದೆ ಬಂದು ನೀರುಪಾಲಾಗುತ್ತೆ. ಬೆಳ್ಳಕ್ಕಿ ಸಾಲಲ್ಲಿ ದೇವರ ಸಹಿ ನೋಡಿದ ಕವಿಯೇ ಅದೇ ತುಂಗೆಲಿ ಆ ನಾಯಿನ ಮುಳುಗಿಸಿದ್ದು. ನಂಗೆ ಅವ್ರು ದೊಡ್ಡ ಕವಿ ಅನ್ಸೋದು ಈ ಎರಡೂ ಒಬ್ಬರದ್ದೇ ಅನ್ನೋದಕ್ಕೆ. ಬರೀ ಮೊದಲನೇದಷ್ಟೇ ಇದ್ದಿದ್ರೆ ಕ್ಯಾಲೆಂಡರ್ ಚಿತ್ರಕ್ಕೆ ಸಾಕಿತ್ತು. ಇದಾದ್ಮೇಲೆ ನನ್ನ ಗುಚ್ಛದಲ್ಲಿ ಹೊಳೆ ಪಾಲಾದೋರ ಬಗ್ಗೆ ಒಂದು ಪದ್ಯ ಬೇಕೇ ಬೇಕು ಅನ್ಸಿ ದೋಣಿ ನಡೆಸ್ತಿದ್ದ ಮನೆಯೋರನ್ನ ಮಾತಾಡಿಸ್ದೆ. ಅವ್ರು ಹೇಳಿದ್ರಲ್ಲಿ ಬಹುಪಾಲು ಪದ್ಯಕ್ಕೆ ಹಾಕೋ ಅಂಥದ್ದಲ್ಲ, ಮನೆಯೊಳಗಿನ ದುಃಖ, ಅದನ್ನ ಅಲ್ಲೇ ಬಿಟ್ಟು ಬಂದೆ. ಹುಟ್ಟು ಹಾಕೋ ಸದ್ದು ಮಾತ್ರ ತಗೊಂಡೆ.

ಮಂಡಗದ್ದೆಗೆ ಹೋಗಿದ್ದು ಬೆಳ್ಳಕ್ಕಿಗೋಸ್ಕರ. ತೀರ್ಥಹಳ್ಳಿ ಶಿವಮೊಗ್ಗ ರಸ್ತೆ ಪಕ್ಕದಲ್ಲೇ ಹೊಳೆ ಮಧ್ಯೆ ಒಂದು ಸಣ್ಣ ನಡುಗಡ್ಡೆ, ಮಳೆಗಾಲದಲ್ಲಿ ಮರಗಳು ಅರ್ಧ ನೀರಲ್ಲಿ ನಿಂತಿರ್ತವೆ, ಮೇಲೆ ಬೆಳ್ಳಕ್ಕಿ ನೀರುಕಾಗೆಗಳ ಗೂಡು. ಬಸ್ಸಲ್ಲಿ ಹೋಗೋರಿಗೆ ಅದರ ವಾಸನೆ ಮೊದ್ಲು ಗೊತ್ತಾಗುತ್ತೆ, ಹಕ್ಕಿ ಆಮೇಲೆ ಕಾಣುತ್ತೆ. ಕಿರುಚಾಟ, ಜಗಳ, ಮರಿಗಳ ಬಾಯಿಗೆ ಮೀನು ತುರುಕೋ ಗಲಾಟೆ. ಸಂಜೆ ಆಕಾಶದಲ್ಲಿ ಅಷ್ಟು ನೀಟಾಗಿ ಸಹಿ ಹಾಕೋ ಹಕ್ಕಿಗಳ ಮನೆ ಹೀಗಿರುತ್ತೆ. ಇದನ್ನ ತಮಾಷೆಯಾಗಿ ಬರೆದೆ, ಇಡೀ ಗುಚ್ಛದಲ್ಲಿ ಜನ ನಗೋ ಪದ್ಯ ಇದೊಂದೇ.

ಕೂಡ್ಲಿದು ಕೊನೇ ಪದ್ಯ ಆಗ್ಬೇಕು ಅಂತ ಮೊದ್ಲಿಂದ ಇತ್ತು, ಎರಡು ಹೊಳೆ ಕೂಡೋ ಜಾಗ ಬೇರೆ, ಸಂಗಮ ಅಂದ್ರೆ ಸಾಕು ಮಿಲನ ಐಕ್ಯ ಅಂತ ಪದಗಳು ಸಾಲುಗಟ್ಟಿ ಬರ್ತವೆ. ಜುಲೈಲಿ ಹೋಗಿ ನಿಂತ್ರೆ ಅಲ್ಲಿ ಬೇರೇದೇ ಕತೆ. ತುಂಗೆನ ಹಿಡಿಯೋರಿಲ್ಲ, ಬಂದಷ್ಟೂ ಮುಂದಕ್ಕೆ. ಭದ್ರೆಗೆ ಲಕ್ಕವಳ್ಳಿಲಿ 186 ಅಡಿವರೆಗೂ ನೀರು ನಿಲ್ಲೋ ಡ್ಯಾಮ್, 71 ಟಿಎಂಸಿಗೂ ಹೆಚ್ಚು ಹಿಡಿಯುತ್ತೆ, ಅದು ತುಂಬೋವರೆಗೂ ಆಕೆ ಬರೋದು ಡ್ಯಾಮಿನ ಕೆಳಗೆ ಬಿದ್ದ ಮಳೆಯಷ್ಟೇ. ಒಬ್ಬಳು ಕಿರುಚ್ಕೊಂಡು ಬರ್ತಾಳೆ, ಇನ್ನೊಬ್ಬಳಿಗೆ ಅಪ್ಪಣೆ ಸಿಕ್ಕಿಲ್ಲ. ಬೇಸಿಗೆಲಿ ಇದೇ ಉಲ್ಟಾ ಆಗುತ್ತೆ, ನಾಲೆ, ಗದ್ದೆ, ಬಾಕಿ ನೀರು ಅಂತ ಭದ್ರೆ ಲೆಕ್ಕ ನಡೀತಿರುತ್ತೆ, ತುಂಗೆಲಿ ಬಂಡೆ ಎದ್ದಿರುತ್ತೆ. ಯಾವ ತಿಂಗಳು ಯಾರೆಷ್ಟು ಬರ್ಬೇಕು ಅಂತ ಎಂಜಿನಿಯರ್ ಆಫೀಸಲ್ಲಿ ತೀರ್ಮಾನ ಆಗೋ ಸಂಗಮದ ಬಗ್ಗೆ ಹಳೇ ಪದಗಳಲ್ಲಿ ಬರೆಯೋಕೆ ಮನಸ್ಸೇ ಬರ್ಲಿಲ್ಲ. ಹಂಗಂತ ಡ್ಯಾಮ್ ಬೈಯೋ ಪದ್ಯಾನೂ ಬೇಡ ಅನ್ಸ್ತು, ಭದ್ರಾ ನಾಲೆ ನೀರಲ್ಲಿ ಬೆಳೆದ ಅನ್ನ ಉಂಡೇ ನಾ ಪದ್ಯ ಬರೀತಿರೋದು. ಇವೆರಡರ ಮಧ್ಯೆ ಎಲ್ಲೋ ಅದು ಇದೆ, ಎಷ್ಟು ಕರಡು ಆಯ್ತೋ, ಇನ್ನೂ ಕೂತಿಲ್ಲ.

ತಿದ್ದೋ ಕೆಲಸ ಚಳಿಗಾಲದಲ್ಲಿ ಶುರುವಾಯ್ತು. ಎಳ್ಳಮಾವಾಸ್ಯೆ ಜಾತ್ರೆಗೆ ತೀರ್ಥಹಳ್ಳಿಗೆ ಹೋದಾಗ ತೆಪ್ಪೋತ್ಸವದ ದೀಪ ನೀರಲ್ಲಿ ನೋಡಿ ಒಂದು ಪದ್ಯ ಬರೆದಿದ್ದೆ, ಅದನ್ನೇ ಮೊದ್ಲು ಹೊಡೆದು ಹಾಕಿದೆ, ದೀಪ ನೀರು ಎರಡೂ ಇದ್ರೆ ಪದ್ಯ ತಾನೇ ಚಂದ ಆಗಿಬಿಡುತ್ತೆ, ಬರೆದೋರ ಕೆಲಸ ಏನೂ ಇರಲ್ಲ. ಗಂಗಾಮೂಲದ್ದೂ ಹೋಯ್ತು. ಉಳಿದಿದ್ದನ್ನ ಗೆಳತಿಯೊಬ್ಬಳಿಗೆ ಫೋನಲ್ಲಿ ಓದಿ ಹೇಳ್ದೆ, ಅವಳು ಬಯಲುಸೀಮೆಯೋಳು, ಮಳೆಗಾಲದ ಪದ್ಯ ಮುಗಿದ ಕೂಡ್ಲೇ ಕೇಳಿದ್ದು ಒಂದೇ, “ಇಷ್ಟ್ ನೀರು ಎಲ್ಲಿಗ್ ಹೋಗುತ್ತೆ ಕಣೆ ಸುಮ್ನೆ?” ಹೊಸಪೇಟೆ ಡ್ಯಾಮಿಗೆ ಹೋಗುತ್ತೆ, ಅದ್ರಲ್ಲಿ ಹೂಳು ತುಂಬಿ 133 ಟಿಎಂಸಿ ಇದ್ದಿದ್ದು ಈಗ 105ರ ಆಸುಪಾಸಿಗೆ ಇಳಿದಿದೆ, ಉಳಿದಿದ್ದು ಕೃಷ್ಣೆಗೆ ಅಂತ ಹೇಳ್ದೆ. ಹೂಳು ಅಂದ್ರೆ ನಿಮ್ಮ ಕಡೆ ಗುಡ್ಡದ ಮಣ್ಣೇ ತಾನೇ ಅಂದ್ಲು. ಹೌದಲ್ವಾ. ಜೂನಲ್ಲಿ ಅಷ್ಟು ಸಂಭ್ರಮದಿಂದ ‘ಕೆಂಪು ನೀರು’ ಅಂತ ಬರ್ಕೊಂಡಿದ್ದು ಅದೇ ಮಣ್ಣು. ಆ ಜೂನ್ ಪದ್ಯ ಬಿಚ್ಚಿ ಮತ್ತೆ ಬರೀತಾ ಇದೀನಿ ಈಗ.

ಉಳಿದಿದ್ದನ್ನ ಒಂದು ಪತ್ರಿಕೆಗೆ ಕಳಿಸಿದ್ದೆ, ಮಂಟಪದ್ದು ಮಂಡಗದ್ದೆಯದ್ದು ಇಟ್ಕೊಂಡು ನೆರೆ ಪದ್ಯ ವಾಪಸ್ ಕಳಿಸಿದ್ರು, ಉದ್ದ ಆಯ್ತಂತೆ. ಉದ್ದ ಕಮ್ಮಿ ಮಾಡೋ ಯೋಚನೆ ಇಲ್ಲ. ಕೂಡ್ಲಿ ಪದ್ಯಕ್ಕೆ ಭದ್ರೆ ಕಡೆಯಿಂದ ಬಂದು ನೋಡ್ಬೇಕು, ಲಕ್ಕವಳ್ಳಿಲಿ ಗೇಟ್ ತೆಗೆಯೋ ದಿನ ಸಿಕ್ಕಿದ್ರೆ ಅಲ್ಲಿಂದ ಹೊರಟು ನೀರು ಕೂಡ್ಲಿ ಮುಟ್ಟೋ ಹೊತ್ತಿಗೆ ನಾನೂ ಅಲ್ಲಿರ್ಬೇಕು ಅಂತ ಲೆಕ್ಕ ಹಾಕ್ತಿದೀನಿ, ಬೈಕ್ ಸಿಕ್ಕಿದ್ರೆ ಆಗುತ್ತೆ.